ಅಮ್ಮನ ಬಾಯಾಗಿದ್ದ ಕಂಬಿ

ಅವಳಿಗೆ ಕಂಬಿ ಅಂತ ಹೆಸರಿಟ್ಟವನು ನಾನೇ. ವೆಲ್ಡಿಂಗ್ ಮಾಡುವವನಿಗೆ ಇನ್ನೇನು ಹೊಳೆಯುತ್ತೆ? ಸಣಕಲು ಮೈ, ನೆಟ್ಟಗೆ ನಿಂತ ಬೆನ್ನು, ಬಗ್ಗಿಸೋಕೆ ಹೋದರೆ ನಮ್ಮ ಕೈಗೇ ಪೆಟ್ಟು. ನನ್ನ ಹೆಂಡತಿ ಮಾತ್ರ ಬಾಯಿ ತುಂಬ ಅಕ್ಕಾ ಅಂತ ಕರೆಯುತ್ತಿದ್ದಳು. ಒಂದು ದಿನ ನಾನು ಕಂಬಿ ಅಂದದ್ದು ಆ ಕಂಬಿಯ ಕಿವಿಗೇ ಬಿತ್ತು.

"ಕಂಬಿ ಅಂದರೆ ಅನ್ನಿ. ಕೆಲಸದವಳು ಅಂದರೆ ಮಾತ್ರ ನಾಳೆಯಿಂದ ಬರಲ್ಲ" ಅಂದಳು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳೋದು ಅವಳ ಕಸುಬು. ಏಜೆನ್ಸಿ ಗೀಜೆನ್ಸಿ ಏನಿಲ್ಲ, ತನ್ನ ಕೆಲಸಕ್ಕೆ ತಾನೇ ಯಜಮಾನಿ. ಒಬ್ಬರು ಇನ್ನೊಬ್ಬರಿಗೆ ಹೇಳಿ ಮನೆ ಸಿಗೋದು. ನಮಗೆ ಹೇಳಿದ್ದು ಮೂಲೆಯ ಔಷಧಿ ಅಂಗಡಿಯವನು. "ಕೈ ಚೆನ್ನಾಗಿದೆ, ಬಾಯಿ ಚೆನ್ನಾಗಿಲ್ಲ. ಯೋಚನೆ ಮಾಡಿ" ಅಂದಿದ್ದ. ಅಮ್ಮನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತು ನಿಂತಿತ್ತು. ಅಮ್ಮನನ್ನು ಎತ್ತಿ ಎತ್ತಿ ನನ್ನ ಹೆಂಡತಿಯ ಸೊಂಟವೂ ಹಿಡಿದುಕೊಂಡಿತ್ತು. ಯೋಚನೆ ಮಾಡುವ ಸ್ಥಿತಿಯಲ್ಲಿ ಯಾರಿದ್ದರು?

ಅವಳ ಹಿಂದಿನ ಕಥೆ ನನಗೆ ತಿಳಿದದ್ದು ಹೆಂಡತಿಯ ಬಾಯಿಂದ. ನನ್ನ ಹತ್ತಿರ ಅವಳು ಕಥೆ ಹೇಳೋದಿರಲಿ, ಎರಡು ಮಾತು ಸೌಜನ್ಯದಿಂದ ಆಡಿದವಳಲ್ಲ. ಮೂರು ಜನ ಸೊಸೆಯರಿದ್ದ ಮನೆಗೆ ನಡುವಿನವಳಾಗಿ ಹೋದವಳಂತೆ. ಅತ್ತೆ ಮಲಗಿದಲ್ಲೇ ಆದಾಗ ಉಳಿದಿಬ್ಬರು ಮೂಗು ಮುಚ್ಚಿಕೊಂಡರು, ಇವಳು ಸೆರಗು ಕಟ್ಟಿದಳು. ವರ್ಷಗಟ್ಟಲೆ ಮಾಡಿದಳು. ಅತ್ತೆ ಹೋದ ಮೇಲೆ ಬಂಧುಗಳೆಲ್ಲ ಕೂತಿದ್ದಾಗ ಭಾವ ಅಂದನಂತೆ, "ಪಾಪ, ಇವಳಿಗೆ ಇನ್ನು ಕೆಲಸ ಇಲ್ಲ. ಬೇರೇನೂ ಬರೋದೂ ಇಲ್ಲ." ಅದೇ ವಾರ ಪಕ್ಕದ ಬೀದಿಯ ಮುದುಕನನ್ನು ನೋಡಿಕೊಳ್ಳೋಕೆ ಒಪ್ಪಿಕೊಂಡು ಬಂದಳು. ಗಂಡ ಹಾರಾಡಿದ.

"ಕಂಡವರ ಅಂಡು ತೊಳೆಯೋಕೆ ಹೋಗ್ತೀಯಾ?"

"ನಿಮ್ಮಮ್ಮನದು ತೊಳೆದಾಗ ಅದರಲ್ಲೇನು ಬಂಗಾರ ಇತ್ತಾ?"

ಆ ಗಂಡನನ್ನು ನಾನು ನೋಡಿಲ್ಲ. ಆದರೂ ಅವನ ಮೇಲೆ ನನಗೆ ಕನಿಕರ ಇದೆ.

ಅವಳ ಮಣಿಕಟ್ಟಿನ ಮೇಲೆ ಹಲ್ಲಿನ ಗುರುತಿತ್ತು. ಹಿಂದೆ ನೋಡಿಕೊಳ್ಳುತ್ತಿದ್ದ ವಕೀಲರೊಬ್ಬರು ಕಚ್ಚಿದ್ದಂತೆ. "ನೀನೇನು ಮಾಡಿದೆ ಅಕ್ಕಾ?" ಅಂತ ನನ್ನ ಹೆಂಡತಿ ಕೇಳಿದಳು. "ಹಲ್ಲಿನ ಸೆಟ್ ಕಳಚಿ ಎತ್ತಿಟ್ಟೆ. ಸಂಜೆವರೆಗೂ ಕೊಡಲಿಲ್ಲ" ಅಂದಳಂತೆ. ಇದನ್ನು ಕೇಳಿ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಇಂಥವಳ ಕೈಗೆ ಅಮ್ಮನನ್ನು ಕೊಟ್ಟಿದ್ದೀವಲ್ಲ ಅನ್ನಿಸಿತು.

ಬಂದ ಮೊದಲ ದಿನವೇ ಗೋಡೆಗೆ ಒತ್ತಿದ್ದ ಮಂಚವನ್ನು ಎಳೆದು ಕೋಣೆಯ ನಡುವೆ ನಿಲ್ಲಿಸಿದಳು. ಎರಡೂ ಕಡೆಯಿಂದ ಸುತ್ತಬೇಕಂತೆ. ಹಿಡಿದು ಏಳೋಕೆ ಮಂಚಕ್ಕೊಂದು ಪೈಪ್ ಬೇಕು ಅಂದಳು. ನಾನು ಬೆಸುಗೆ ಹಾಕಿ ಕೊಟ್ಟರೆ ಬೆರಳಾಡಿಸಿ ನೋಡಿ, "ಇದಕ್ಕೆ ಅಮ್ಮನ ಚರ್ಮ ತಾಗುತ್ತೆ. ಇದು ಗೇಟ್ ಅಲ್ಲ" ಅಂತ ವಾಪಸು ಕಳಿಸಿದಳು. ನನ್ನ ಬೆಸುಗೆಯನ್ನು ಹಾಗೆ ವಾಪಸು ಕಳಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಉಜ್ಜಿ ನುಣುಪು ಮಾಡಿ ಕೊಟ್ಟೆ. "ಹೂಂ" ಅಂದಳು. ಅಷ್ಟೇ.

ಕೆಲಸ ಮಾಡ್ತಿದ್ದಳು, ಇಲ್ಲ ಅಂತ ನಾನು ಹೇಳಲ್ಲ. ಅಮ್ಮನನ್ನು ಮುಟ್ಟುವ ಮೊದಲು ಎರಡೂ ಕೈ ಬಿಸಿನೀರಲ್ಲಿ ಅದ್ದಿ ಒರೆಸಿಕೊಳ್ಳೋಳು, ತಣ್ಣನೆ ಕೈ ತಾಗಿದರೆ ಮೈ ಬೆಚ್ಚಿ ಬಿಗಿಯುತ್ತೆ ಅಂತ. ಸೊಂಟದ ಕೆಳಗೆ ಹಾಸಿದ ದುಪ್ಪಟಿಯ ಅಂಚು ಹಿಡಿದು ಎಳೆದರೆ ಅಮ್ಮ ತಾನಾಗಿ ಮಗ್ಗುಲಾಗೋಳು. ಅನ್ನವನ್ನು ಎಡಗೆನ್ನೆಯ ಕಡೆಗೇ ಇಡೋಳು, ಬಲಗಡೆ ಇಟ್ಟರೆ ಅಲ್ಲೇ ನಿಲ್ಲುತ್ತಿತ್ತು. ಗಂಟಲು ಏರಿ ಇಳಿದದ್ದು ಕಣ್ಣಾರೆ ಕಂಡ ಮೇಲೆಯೇ ಇನ್ನೊಂದು ಚಮಚ. ಆದರೆ ಇಷ್ಟೆಲ್ಲ ಮಾಡುವಾಗ ಮುಖ ಗಂಟು ಹಾಕಿಕೊಂಡೇ. ನನ್ನನ್ನು ಕಂಡರಂತೂ ಕೇಳೋದೇ ಬೇಡ.

ಈಗ ಜಗಳದ ಬೇರಿಗೆ ಬರ್ತೀನಿ. ಅಮ್ಮನ ಬಾಯಲ್ಲಿ ಉಳಿದದ್ದು ಒಂದೇ ಸದ್ದು. ಬಬ್ಬ. ನೀರು ಬೇಕಾದರೂ ಬಬ್ಬ, ಸೊಳ್ಳೆ ಕಚ್ಚಿದರೂ ಬಬ್ಬ, ನನ್ನನ್ನು ಕರೆದರೂ ಬಬ್ಬ. ಮೊದಮೊದಲು ನಾವು ಗಂಡ ಹೆಂಡತಿ ಮಂಚದ ಎರಡು ಕಡೆ ನಿಂತು "ನೀರಾ? ಫ್ಯಾನಾ? ಬೆನ್ನಾ?" ಅಂತ ಹರಾಜು ಕೂಗುತ್ತಿದ್ದೆವು. ಕಂಬಿ ಬಂದ ಕೆಲವು ದಿನಕ್ಕೆ ಅದು ನಿಂತಿತು. ಅಮ್ಮ ಬಬ್ಬ ಅಂದರೆ ಕಂಬಿ ಅವಳ ಕಣ್ಣು ನೋಡೋಳು, ಎಡಗೈ ನೋಡೋಳು, ಇಂಥದ್ದು ಅಂತ ಕಡ್ಡಿ ಮುರಿದ ಹಾಗೆ ಹೇಳೋಳು. ಸರಿಯಾಗೇ ಇರುತ್ತಿತ್ತು. ನಮಗೂ ನೆಮ್ಮದಿಯಾಯಿತು.

ಬರಬರುತ್ತಾ ಅಮ್ಮನ ಮಾತು ಜಾಸ್ತಿಯಾಯಿತು. ಲಕ್ವ ಹೊಡೆಯೋಕೆ ಮುಂಚೆ ಕೂಡ ಅಮ್ಮ ಅಷ್ಟು ಮಾತಾಡಿದವಳಲ್ಲ.

"ಟಿವಿ ಸದ್ದು ಕಡಿಮೆ ಮಾಡಬೇಕಂತೆ ಅಮ್ಮನಿಗೆ."

"ಕೈಕಾಲು ತೊಳೆಯದೆ ನೀವು ಒಳಗೆ ಬರಬಾರದಂತೆ."

"ಅಮ್ಮನಿಗೆ ಚಹಾ ಬೇಕಂತೆ. ಸ್ವಲ್ಪ ಸ್ಟ್ರಾಂಗಾಗಿ."

ಅಮ್ಮ ಹುಟ್ಟಿದಾಗಿನಿಂದ ಸ್ಟ್ರಾಂಗ್ ಚಹಾ ಕುಡಿದವಳಲ್ಲ. ಎರಡು ಚಮಚ ಅಮ್ಮನ ಬಾಯಿಗೆ, ಉಳಿದ ಲೋಟ ಕಂಬಿಯ ಬಾಯಿಗೆ. ನಾನು ಹೆಂಡತಿಗೆ ಹೇಳಿದೆ, "ನೋಡ್ತಿರು, ನಾಳೆ ಅಮ್ಮನಿಗೆ ವಾರದ ರಜೆ ಬೇಕಂತೆ." ಅವಳು ನನ್ನ ಮೇಲೇ ಕಣ್ಣು ಕೆಕ್ಕರಿಸಿದಳು.

ಆಮೇಲೆ ಬಂತು ಗ್ರೈಂಡರ್ ವಿಷಯ. ನನ್ನ ಅಂಗಡಿ ಇರೋದು ಮನೆಯ ಮುಂದಿನ ಕೋಣೆಯಲ್ಲೇ. ಅದಕ್ಕೂ ಅಮ್ಮನ ಕೋಣೆಗೂ ನಡುವೆ ಒಂದೇ ಗೋಡೆ. ಕಬ್ಬಿಣ ಉಜ್ಜಿದರೆ ಸದ್ದು ಬರದೆ ಸಂಗೀತ ಬರುತ್ತಾ? ಕಂಬಿ ಅಂಗಡಿ ಬಾಗಿಲಿಗೇ ಬಂದು ನಿಂತಳು, ಗಿರಾಕಿಯ ಎದುರಿಗೇ.

"ಅದನ್ನು ನಿಲ್ಲಿಸಬೇಕಂತೆ."

"ಯಾರಿಗಂತೆ?"

"ಅಮ್ಮನಿಗೆ."

"ಅಮ್ಮ ನಮ್ಮಪ್ಪನ ಕಾಲದಿಂದ ಈ ಸದ್ದಿನಲ್ಲೇ ಮಧ್ಯಾಹ್ನ ನಿದ್ದೆ ಹೊಡೆದವಳು. ನಿಲ್ಲಿಸಿದರೆ ಅವಳಿಗೆ ಎಚ್ಚರ ಆಗುತ್ತೆ. ನಿನಗೆ ಆಗಲ್ಲ ಅಂದರೆ ನನಗೆ ಆಗಲ್ಲ ಅಂತ ಹೇಳು. ಅಮ್ಮನ ಹೆಸರು ಯಾಕೆ ತರ್ತೀಯಾ?"

"ನಾನು ಹೇಳಬೇಕಾದ್ದನ್ನು ನಾನೇ ಹೇಳ್ತೀನಿ. ನನಗೆ ಹೆದರಿಕೆಯಾ?"

"ನಿನಗ್ಯಾಕೆ ಹೆದರಿಕೆ! ನಿನ್ನ ನೋಡಿ ನಮಗೆ ಹೆದರಿಕೆ!"

ಗಿರಾಕಿ ಮೆಲ್ಲಗೆ ಜಾರಿಕೊಂಡ. ನಾನು ಗ್ರೈಂಡರ್ ಮತ್ತೆ ಹಾಕಿದೆ, ಬೇಕಂತಲೇ. ಅಂದಿನಿಂದ ಮನೆ ಎರಡು ಭಾಗವಾಯಿತು. ಅವಳು ನನ್ನ ಕಡೆ ನೋಡದೆ ಅಮ್ಮನಿಗೆ ಹೇಳೋಳು, "ನಿಮ್ಮ ಮಗ ಬಂದರು ನೋಡಿ, ಬಾಗಿಲು ಒದ್ದುಕೊಂಡು." ನಾನೂ ಅಮ್ಮನಿಗೇ ಹೇಳೋನು, "ಅಮ್ಮಾ, ನಿನ್ನ ವಕೀಲೆಗೆ ಹೇಳು, ಬಾಗಿಲು ನಂದು." ನಡುವೆ ಅಮ್ಮ ಮಲಗಿ ಇವಳನ್ನೊಂದು ಸಲ, ನನ್ನನ್ನೊಂದು ಸಲ ನೋಡೋಳು.

ಒಂದು ಭಾನುವಾರ ನನ್ನ ಅಕ್ಕ ಬಂದಳು. ಅವಳದು ಲಿಫ್ಟ್ ಇರೋ ಕಟ್ಟಡದಲ್ಲಿ ಮೇಲಿನ ಮನೆ. ಅಮ್ಮನನ್ನು ಕರಕೊಂಡು ಹೋಗ್ತೀನಿ ಅಂತ ಮೊದಲಿಂದಲೂ ಜಪ. ನಾನು ಬಿಟ್ಟಿರಲಿಲ್ಲ. ಅಮ್ಮ ಈ ಮನೆಯಿಂದ ಹೋದರೆ ಬೀದಿಯಲ್ಲಿ ನಾನು ತಲೆ ಎತ್ತಿ ಓಡಾಡೋದು ಹೇಗೆ? ಹೆತ್ತವಳಿಗೆ ಒಂದು ಮೂಲೆ ಕೊಡದವನು ಅಂತ ಔಷಧಿ ಅಂಗಡಿಯವನಿಂದ ಹಿಡಿದು ಎಲ್ಲರೂ ಆಡಿಕೊಳ್ಳಲ್ವಾ? ಅದಕ್ಕಿಂತ ಹೆಚ್ಚಾಗಿ, ಅಮ್ಮ ನನ್ನ ಜೊತೆ ಇರೋದು ಬಿಟ್ಟು ಬೇರೆ ಕಡೆ ಇರ್ತಾಳೆ ಅನ್ನೋದು ನನ್ನ ತಲೆಗೇ ಹೋಗುತ್ತಿರಲಿಲ್ಲ.

ಅಕ್ಕ ಅಮ್ಮನ ತಲೆ ಸವರುತ್ತಾ ಕೂತಿದ್ದಳು. ಅಮ್ಮ ಬಬ್ಬ ಅಂದಳು. ಕಂಬಿ ಟವೆಲ್ ಮಡಚುತ್ತಿದ್ದವಳು ಹಾಗೇ ಹೇಳಿಬಿಟ್ಟಳು.

"ಮಗಳ ಮನೆಗೆ ಹೋಗಬೇಕಂತೆ ಅಮ್ಮನಿಗೆ."

ನನ್ನ ನೆತ್ತಿಗೆ ರಕ್ತ ಏರಿತು. "ಎದ್ದು ಹೊರಗೆ ನಡಿ" ಅಂದೆ. "ಅಮ್ಮನ ಬಾಯಲ್ಲಿ ನಿನ್ನ ಮಾತು ತುರುಕಿದ್ದು ಸಾಕು."

"ನನಗೇನು ಲಾಭ? ಅವರು ಹೋದರೆ ನನ್ನ ಕೆಲಸ ಹೋಗುತ್ತೆ."

"ಲಾಭವೋ ನಷ್ಟವೋ, ಹೊರಗೆ ಕೂತಿರು. ನಾವು ನಾವೇ ಕೇಳಿಕೊಳ್ತೀವಿ."

ಅವಳು ಹೋಗಿ ಮೆಟ್ಟಿಲ ಮೇಲೆ, ಚಪ್ಪಲಿಗಳ ಪಕ್ಕ ಕೂತಳು. ಒಳಗೆ ನಾನು, ಅಕ್ಕ, ನನ್ನ ಹೆಂಡತಿ. ನಾನು ಅಮ್ಮನ ಎಡಗೈ ಹಿಡಿದು ಕೇಳಿದೆ, "ಅಮ್ಮಾ, ಇಲ್ಲೇ ಇರ್ತೀಯಾ? ಹೌದಾದರೆ ಒತ್ತು." ಒತ್ತಿದಳು. "ನೋಡಿದ್ಯಾ!" ಅಂದೆ. ಅಕ್ಕ ನನ್ನನ್ನು ತಳ್ಳಿ ಅದೇ ಕೈ ಹಿಡಿದಳು. "ಅಮ್ಮಾ, ನನ್ನ ಮನೆಗೆ ಬರ್ತೀಯಾ?" ಒತ್ತಿದಳು. ಇನ್ನೂ ಗಟ್ಟಿಯಾಗಿ ಒತ್ತಿದಳು ಅಂತ ಅಕ್ಕನ ವಾದ. "ನಿನ್ನ ಉಂಗುರ ಚುಚ್ಚಿರಬೇಕು" ಅಂತ ನನ್ನ ವಾದ.

ಅಮ್ಮ ಬಬ್ಬ ಬಬ್ಬ ಅಂತ ಎಡಗೈ ಎತ್ತಿ ಬಾಗಿಲ ಕಡೆ ತೋರಿಸಿದಳು.

"ಹೊರಡೋಣ ಅಂತಿದ್ದಾಳೆ" ಅಂದಳು ಅಕ್ಕ.

"ನಿನ್ನನ್ನು ಹೊರಡು ಅಂತಿದ್ದಾಳೆ" ಅಂದೆ ನಾನು.

ಹೀಗೆ ನಾವಿಬ್ಬರು ಚಿಕ್ಕಂದಿನಲ್ಲಿ ಕಿತ್ತಾಡಿದ ಹಾಗೆ ಕಿತ್ತಾಡುತ್ತಿರುವಾಗ ಕಂಬಿ ಯಾರನ್ನೂ ಕೇಳದೆ ಒಳಗೆ ಬಂದಳು. ಅಮ್ಮನ ಮುಖ ನೋಡಿ, ಹೊದಿಕೆಯ ಕೆಳಗೆ ಕೈ ಹಾಕಿದಳು.

"ಮೈಯೆಲ್ಲ ಒದ್ದೆಯಾಗಿ ಮಲಗಿದ್ದಾರೆ. ನೀವು ಇಲ್ಲಿ ಪಂಚಾಯಿತಿ ಮಾಡ್ತಿದ್ದೀರಾ? ಗಂಡಸರು ಆಚೆ ನಡೀರಿ."

ಆಚೆ ಹೋದೆ.

ಮತ್ತೆ ಒಳಗೆ ಕರೆದಾಗ ಅಮ್ಮ ಒಣಗಿದ ಬಟ್ಟೆಯಲ್ಲಿ ಇದ್ದಳು. ಕಂಬಿ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಒಂದೇ ಮಾತು. ಹೋಗಬೇಕು ಅಂದದ್ದು ಅಮ್ಮನೋ ನೀನೋ?"

ಅವಳು ಸೋಪು ಇಟ್ಟಳು, ಮತ್ತೆ ತೆಗೆದುಕೊಂಡಳು, ಮತ್ತೆ ತೊಳೆದಳು.

"ಗೊತ್ತಿಲ್ಲ" ಅಂದಳು.

"ಏನು?"

"ಗೊತ್ತಿಲ್ಲ ಅಂದೆ. ಬೆಳಗಿಂದ ಸಂಜೆವರೆಗೂ ಇನ್ನೊಬ್ಬರ ಬಾಯಾಗಿ ಕೂತು ನೋಡಿ. ನನಗೆ ಹಸಿದರೆ ಅವರಿಗೆ ಹಸಿದಿದೆ ಅನ್ನಿಸುತ್ತೆ. ನನಗೆ ಸೆಕೆಯಾದರೆ ಅವರಿಗೆ ಗಾಳಿ ಹಾಕ್ತೀನಿ. ನಿಮ್ಮ ಗ್ರೈಂಡರಿಗೆ ತಲೆ ಸಿಡೀತಿದ್ದದ್ದು ನಂದು. ಅಮ್ಮಂದೂ ಇರಬಹುದು. ನಿಮ್ಮ ಮುಖ ನೋಡಿ ಇಲ್ಲಿಂದ ಹೋದರೆ ಸಾಕು ಅನ್ನಿಸಿದ್ದೂ ನನಗೇ. ಬಾಯಿಗೆ ಬಂದಾಗ ಅದು ಯಾರದ್ದು ಅಂತ ನೋಡಲಿಲ್ಲ."

"ಸಿಕ್ಕಿಬಿದ್ದಳು! ಕೇಳಿದಿರಾ? ಅವಳೇ ಒಪ್ಪಿಕೊಂಡಳು!" ಅಂತ ಕೂಗಿದೆ. ನನಗೆ ಎಷ್ಟು ಖುಷಿಯಾಯಿತು ಅಂದರೆ ಅವಳ ಬೆನ್ನು ತಟ್ಟೋದೊಂದು ಬಾಕಿ.

"ಕೂಗಬೇಡಿ. ಅಮ್ಮನನ್ನು ಕೇಳೋಕೆ ನನ್ನ ಬಾಯಿ ಬೇಡ, ಬೇರೆ ದಾರಿ ಇದೆ. ಒಂದು ಚೀಲ ಕೊಡಿ" ಅಂದಳು.

ನನ್ನ ಹೆಂಡತಿ ಚೀಲ ತಂದಳು. ಕಂಬಿ ಅಮ್ಮನಿಗೆ ಕಾಣೋ ಹಾಗೆ ಬೀರು ತೆಗೆದಳು. ಬಟ್ಟೆ, ಶಾಲು, ಬಾಚಣಿಗೆ, ಒಂದೊಂದನ್ನೇ ಅಮ್ಮನ ಕಣ್ಣೆದುರು ಹಿಡಿದು ಚೀಲಕ್ಕೆ ಹಾಕಿದಳು. "ಯಾರೂ ಮಾತಾಡಬೇಡಿ. ಕಣ್ಸನ್ನೆಯೂ ಬೇಡ" ಅಂತ ನಮಗೆ ತಾಕೀತು. ತುಂಬಿದ ಚೀಲವನ್ನು ಎಡಗೈಗೆ ಎಟುಕುವಲ್ಲಿ ಇಟ್ಟು, ತಾನು ಗೋಡೆಗೆ ಬೆನ್ನು ಕೊಟ್ಟು, ಕೈ ಹಿಂದೆ ಕಟ್ಟಿಕೊಂಡು ನಿಂತಳು.

ಅಮ್ಮ ತಳ್ಳಿಬಿಡ್ತಾಳೆ ಅಂತ ನನಗೆ ಖಾತ್ರಿ ಇತ್ತು.

ಅಮ್ಮ ಚೀಲ ನೋಡಿದಳು. ಕೈ ಚಾಚಿದಳು. ಹಿಡಿಯನ್ನು ಮುಷ್ಟಿಗೆ ಸುತ್ತಿಕೊಂಡು, ಎಳೆದು ಎಳೆದು ಎದೆಗೆ ತಂದುಕೊಂಡು, ಅದರ ಮೇಲೆ ಗದ್ದ ಊರಿದಳು.

"ಇನ್ನೊಂದು ಸಲ" ಅಂದೆ. ಕಂಬಿ ಚೀಲ ಬಿಡಿಸಿಕೊಳ್ಳೋಕೆ ಹೋದಳು. ಅಮ್ಮನ ಮುಷ್ಟಿ ಬಿಡಲಿಲ್ಲ. ಬೆರಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬಟ್ಟೆ ವಾಪಸು ಬೀರುವಿಗೆ ಹೋಗೋದು ಕಂಡ ಕೂಡಲೇ ಅಮ್ಮ ಕಿರುಚಿದಳು. ಅದಕ್ಕೆ ಅರ್ಥ ಹೇಳೋರು ಬೇಕಿರಲಿಲ್ಲ.

"ಸಾಕಾ?" ಅಂದಳು ಅಕ್ಕ.

"ಲಿಫ್ಟ್ ಕೆಟ್ಟ ದಿನ ನನಗೆ ಫೋನ್ ಮಾಡಬೇಡ" ಅಂದೆ. ಅಂಗಡಿಗೆ ಹೋಗಿ ಗ್ರೈಂಡರ್ ಮುಂದೆ ಸುಮ್ಮನೆ ಕೂತೆ. ಅಮ್ಮ ಹೊರಟದ್ದು ಸದ್ದಿಗೋ, ಜಗಳಕ್ಕೋ, ಮಗಳ ಮೇಲಿನ ಆಸೆಗೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಂಬಿಯನ್ನು ಕೇಳೋ ಹಾಗಿಲ್ಲವಲ್ಲ.

ಕಾರು ಬಂದ ದಿನ ಅಕ್ಕ ಕಂಬಿಯನ್ನು ತನ್ನ ಮನೆಗೇ ಬಾ ಅಂತ ಎಷ್ಟೋ ಕೇಳಿಕೊಂಡಳು. "ಬರಲ್ಲ. ಅಮ್ಮನ ಮಾತು ನನಗೆ ಅಂಟಿಕೊಂಡುಬಿಟ್ಟಿದೆ. ಹೊಸಬರನ್ನು ಇಟ್ಟುಕೊಳ್ಳಿ, ಅವರು ಮೊದಲಿಂದ ಕಲೀಲಿ" ಅಂದಳು. ಅಷ್ಟು ಹೇಳಿ ನನ್ನ ಕಡೆ ತಿರುಗಿದಳು. "ನೋಡ್ತಾ ನಿಂತಿದ್ದೀರಲ್ಲ, ಎತ್ತಿ. ತೋಳು ಹಿಡೀಬೇಡಿ, ಭುಜ ಕಳಚುತ್ತೆ. ಬೆನ್ನ ಕೆಳಗೆ ಒಂದು ಕೈ, ಮಂಡಿ ಕೆಳಗೆ ಒಂದು ಕೈ. ಕಬ್ಬಿಣ ಅಲ್ಲ ಅದು, ನಿಧಾನ!"

"ನನಗೆ ಹೇಳಿಕೊಡಬೇಡ!" ಅಂದೆ. ಅವಳು ಹೇಳಿದ ಹಾಗೇ ಎತ್ತಿದೆ. ಅಮ್ಮ ಇಷ್ಟು ಹಗುರ ಆಗಿದ್ದಾಳೆ ಅಂತ ನನಗೆ ತಿಳಿದಿರಲಿಲ್ಲ. ಕಾರಿನೊಳಗೆ ನಾನೂ ಹತ್ತಿ ಸೀಟಿನ ಮೇಲೆ ಕೂರಿಸುವಾಗ ಅಮ್ಮ ನನ್ನ ಕಿವಿಯ ಹತ್ತಿರ ಬಬ್ಬ ಅಂದಳು.

"ಏನಂದಳು?" ಅಂತ ಕಂಬಿಯನ್ನು ಕೇಳಿದೆ. ಬಾಯಿ ತಪ್ಪಿ ಕೇಳಿದೆ.

"ನಿಮಗೆ ಹೇಳಿದ್ದು ಅದು. ನೀವೇ ನೋಡಿಕೊಳ್ಳಿ."

ಚಪ್ಪಲಿ ಮೆಟ್ಟಿ, ಬೀದಿಯ ತುದಿಗೆ ಹೊರಟೇಬಿಟ್ಟಳು. ನಾನು ಕಾರಿನೊಳಗಿಂದಲೇ ಬಾಯಿಗೆ ಬಂದ ಹಾಗೆ ಬೈದೆ. ತಿರುಗಿಯೂ ನೋಡಲಿಲ್ಲ. ಅಮ್ಮ ಮತ್ತೆ ಬಬ್ಬ ಅಂದಳು. ನನ್ನ ಕೈ ಅವಳ ಬೆನ್ನ ಹಿಂದೆ ಸಿಕ್ಕಿಕೊಂಡಿತ್ತು. ತೆಗಿ ಅಂದಳೋ, ಇರಲಿ ಅಂದಳೋ. ಡ್ರೈವರ್ ಹಾರ್ನ್ ಹೊಡೆದ. ಅಕ್ಕ ಮುಂದಿನ ಸೀಟಿನಿಂದ "ಇಳಿಯೋ, ಹೊತ್ತಾಯ್ತು" ಅಂದಳು. ನಾನು ಇಳಿಯಲಿಲ್ಲ.