ಹೆಬ್ಬೆರಳು ಮುಚ್ಚಿಕೊಂಡ ಹುಡುಗಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಫೋಟೋ ನೋಡಿದಾಗ ನನಗೆ ಎಂಟು ವರ್ಷವೋ ಒಂಬತ್ತೋ ಖಚಿತವಿಲ್ಲ. ಅದು ಸಿಕ್ಕಿದ್ದು ಅಪ್ಪನ ಟೇಬಲ್ಲಿನ ಖಾನೆಯಲ್ಲೋ ಅವ್ವನ ಟ್ರಂಕಿನಲ್ಲೋ ಎಂಬುದನ್ನೂ ಆಣೆ ಮಾಡಿ ಹೇಳಲಾರೆ. ಖಾನೆ ಎಂದು ಡೈರಿಯಲ್ಲಿ ಎರಡು ಸಲ ಬರೆದಿದ್ದೇನೆ, ನಿಜ. ಆದರೆ ಎರಡನೆಯ ಸಲ ಬರೆದದ್ದು ಮೊದಲನೆಯದನ್ನು ಓದಿಕೊಂಡ ಮೇಲೆ.

ಅಂಗೈಯಷ್ಟು ದೊಡ್ಡ ಕಪ್ಪು-ಬಿಳುಪು ಫೋಟೋ. ಕುರ್ಚಿಯ ಬೆನ್ನಿಗೆ ಎಡಗೈ ಊರಿ ನಿಂತ ಹುಡುಗಿ. ಬಲಗೈ ಮುಷ್ಟಿ ಕಟ್ಟಿದೆ. ಹೆಬ್ಬೆರಳು ಮುಷ್ಟಿಯೊಳಗೆ ಅಡಗಿದೆ. ಕಣ್ಣು ಕ್ಯಾಮೆರಾ ಬಿಟ್ಟು ಬೇರೆ ಕಡೆಗೆ, ಬಹುಶಃ ಬಾಗಿಲಿನ ಕಡೆಗೆ. "ಇದು ನೀನ?" ಎಂದು ಅವ್ವನನ್ನು ಕೇಳಿದೆ. ಅವಳು ಫೋಟೋ ಕಸಿದುಕೊಂಡು ಸೆರಗಿನಿಂದ ಒರೆಸಿ, "ಅಪ್ಪಾರ ಸಾಮಾನು ಮುಟ್ಟಬಾರದು" ಎಂದಳು. ಹೂಂ ಎಂದು ತಲೆಯನ್ನೂ ಆಡಿಸಿದಳು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದನ್ನು ನಾನೇ ಸೇರಿಸಿದೆನೋ ಏನೋ.

ನಾನು ನನ್ನದೇ ಫೋಟೋ ತೆಗೆಯುತ್ತೇನೆ. ಹೆಣ್ಣುಮಕ್ಕಳು ಯಾರ್ಯಾರದೋ ಅಪ್ಪಣೆಗೆ ನಿಂತ ಭಂಗಿಗಳಲ್ಲಿ ನಾನು ನಿಲ್ಲುತ್ತೇನೆ: ಕನ್ಯಾ ತೋರಿಸುವಾಗಿನದು, ಸೀಮಂತದ್ದು, ಶಾಲೆಯ ಗುಂಪು ಫೋಟೋದಲ್ಲಿ ಕೊನೆಯ ಸಾಲಿನದು. ಬೇರೆ ಹೆಂಗಸರನ್ನು ನಿಲ್ಲಿಸಿದರೆ ಅಪ್ಪಣೆ ಕೊಡುವವಳು ನಾನಾಗುತ್ತೇನಲ್ಲ ಎಂಬ ಹಿಂಜರಿಕೆಯಿಂದ ಶುರುವಾದದ್ದು. ಅಷ್ಟೇ ಕಾರಣವೋ, ಕನ್ನಡಿಯ ಆಸೆಯೂ ಇತ್ತೋ, ಆ ಪ್ರಶ್ನೆಯನ್ನು ನಾನಿನ್ನೂ ಪೂರ್ತಿ ಕೇಳಿಕೊಂಡಿಲ್ಲ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಹತ್ತು ಸೆಕೆಂಡಿನ ಟೈಮರ್ ಒತ್ತಿ ಓಡುತ್ತೇನೆ. ಹತ್ತು ಸೆಕೆಂಡಿನಲ್ಲಿ ಇನ್ನೊಬ್ಬಳಾಗಿಬಿಡಬೇಕು.

ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು, ಅಪ್ಪ ಅದಕ್ಕೂ ಮೊದಲೇ ಹೋದರು. ಮನೆ ಖಾಲಿ ಮಾಡುವಾಗ ಆ ಫೋಟೋ ಎಲ್ಲೂ ಸಿಗಲಿಲ್ಲ. ಅದಕ್ಕೇ ಈ ವರ್ಷ ನೆನಪಿನಿಂದಲೇ ಅದನ್ನು ಮತ್ತೆ ಮಾಡಿದೆ. ಅವ್ವನ ಹಳೆಯ ಸೀರೆ, ಒಂದು ಮರದ ಕುರ್ಚಿ, ಮುಷ್ಟಿಯೊಳಗೆ ಹೆಬ್ಬೆರಳು. ನಲವತ್ತು ಸಲ ಓಡಿದ ಮೇಲೆ ಒಂದು ಚಿತ್ರ ಸರಿಯಾಗಿ ಬಂತು. ಅದರಲ್ಲಿದ್ದದ್ದು ನಾನಲ್ಲ, ಅವ್ವ. ಅವಳು ಹೋದ ಮೇಲೆ ಅವಳಿಗೆ ಅಷ್ಟು ಹತ್ತಿರವಾದದ್ದು ಆ ಒಂದು ಸಂಜೆ ಮಾತ್ರ. ಧಾರವಾಡದಲ್ಲಿ ಗೆಳತಿಯರು ಏರ್ಪಡಿಸಿದ್ದ ಪ್ರದರ್ಶನಕ್ಕೆ ಅದನ್ನೇ ನಡುವಿನ ಗೋಡೆಗೆ ಎಂದುಕೊಂಡೆ. ಕೆಳಗಿನ ಚೀಟಿಯಲ್ಲಿ 'ಅವ್ವ' ಎಂದಷ್ಟೇ ಬರೆದೆ. ಪಕ್ಕದಲ್ಲಿ ಹಾಕಲು ಅರ್ಧ ಪುಟದ ಟಿಪ್ಪಣಿಯನ್ನೂ ಬರೆದೆ. ಅಡಗಿದ ಹೆಬ್ಬೆರಳೆಂದರೆ ಕುಗ್ಗಿಸಲ್ಪಟ್ಟ ಹೆಣ್ಣು, ಬಾಗಿಲ ಕಡೆಗಿನ ನೋಟವೆಂದರೆ ಬಿಡುಗಡೆಯ ಆಸೆ, ಹೀಗೆ.

ಫೋಟೋ ಕಟ್ಟು ಹಾಕಿಸಿಕೊಂಡು ಬರುವಾಗ ದಾರಿಯಲ್ಲೇ ಮಾಳಮಡ್ಡಿಯ ಚಿಗವ್ವನ ಮನೆಗೆ ಹೋದೆ. ಚಿಗವ್ವ ಅವ್ವನ ಒಬ್ಬಳೇ ತಂಗಿ. ಅವಳ ಗಂಡ, ನಮ್ಮ ಕಾಕಾ, ಒಳಗೆ ಟಿವಿ ನೋಡುತ್ತಿದ್ದರು. ಚಿಗವ್ವ ಫೋಟೋಗೆ ಸುತ್ತಿದ್ದ ಹಾಳೆ ಬಿಚ್ಚಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದಳು.

"ಯವ್ವಾ, ಇದೆಲ್ಲಿ ಸಿಕ್ತ ನಿನಗ?"

"ಸಿಕ್ಕಿದ್ದಲ್ಲ ಚಿಗವ್ವಾ, ತಗದಿದ್ದು. ಅದು ನಾನ."

"ನೀನ?" ಫೋಟೋವನ್ನು ಬೆಳಕಿಗೆ ತಿರುಗಿಸಿದಳು. "ಅಲ್ಲ, ಹಳೇ ಸೀರಿ ಉಟ್ಕೊಂಡು ನಿನ್ನ ಫೋಟೋ ನೀನ ತಗೊಂತಿಯಲ್ಲ, ಕೆಲಸಿಲ್ಲೇನು ನಿನಗ? ಇರ್ಲಿ. ಈ ಬಟ್ಟಿನ ಸುದ್ದಿ ಯಾರು ಹೇಳಿದ್ರು?"

"ಯಾವ ಬಟ್ಟು?"

"ಹೆಬ್ಬಟ್ಟು. ಮುಚ್ಕೊಂಡಿಯಲ್ಲ."

"ಅವ್ವನ ಫೋಟೋದಾಗ ಹಂಗ ಇತ್ತು."

ಚಿಗವ್ವ ನಗತೊಡಗಿದಳು. "ನಿಮ್ಮವ್ವ ಸ್ಟುಡಿಯೋದ ಕಟ್ಟಿನೂ ಹತ್ತಿದಾಕಿ ಅಲ್ಲ. ಅದು ನಂದು."

ನನಗೆ ತಿಳಿಯಲಿಲ್ಲ. ಮತ್ತೊಮ್ಮೆ ಕೇಳಿದೆ.

"ನಿಮ್ಮವ್ವಗ ಆವಾಗ ಕಾಮಣಿ ಆಗಿತ್ತು. ಕಣ್ಣು, ಮೈ ಎಲ್ಲಾ ಹಳದಿ, ಮಾರಿ ಇಷ್ಟಕ್ಕ ಇಷ್ಟು. ಗಂಡಿನ ಕಡೆಯವರು ಲಗೂನ ಫೋಟೋ ಕಳಸ್ರಿ ಅಂತ ಗಂಟು ಬಿದ್ದಿದ್ರು. ಅಕ್ಕ-ತಂಗಿ ಒಂದ ಅಚ್ಚು ಅದಾರ, ಯಾರಿಗೆ ತಿಳಿತೈತಿ ಅಂತ ನಿಮ್ಮಜ್ಜ ನನ್ನ ದುರ್ಗದಬೈಲಿನ ಸ್ಟುಡಿಯೋಕ್ಕ ಕರ್ಕೊಂಡು ಹೋದ. ಹಿಂದಿನ ದಿನ ಬದನಿಕಾಯಿ ಹೆಚ್ಚುವಾಗ ಈಳಗಿ ತಾಗಿತ್ತು. ಅರಿವಿ ಪಟ್ಟಿ ಕಟ್ಟಿದ್ರು. ಅದು ಕಾಣ್ತೈತಿ, ಬಟ್ಟು ಒಳಗ ಹಾಕ್ಕೊ ತಂಗಿ, ಅಂದ ಸ್ಟುಡಿಯೋದಾಂವ."

"ಅಂಜಿಕಿ ಆಗಿರಲಿಲ್ಲೇನು?"

"ಎದರ ಅಂಜಿಕಿ? ಫೋಟೋ ಆದಮ್ಯಾಲೆ ಹೊರಗ ಗಿರ್ಮಿಟ್ ತಿನ್ನಾಕ ಕೊಡಸ್ತೇನಿ ಅಂದಿದ್ದ ನಿಮ್ಮಜ್ಜ. ನನ್ನ ಲಕ್ಷ ಎಲ್ಲಾ ಬಾಗಲದಾಗ. ಸೀರಿ ಮಾತ್ರ ನಿಮ್ಮವ್ವಂದು."

ನನ್ನ ಅರ್ಧ ಪುಟದ ಟಿಪ್ಪಣಿ ಚೀಲದಲ್ಲೇ ಇತ್ತು. ಕುಗ್ಗಿದ ಹೆಣ್ಣಿನ ಜಾಗದಲ್ಲಿ ಬದನೆಕಾಯಿ, ಬಿಡುಗಡೆಯ ಜಾಗದಲ್ಲಿ ಗಿರ್ಮಿಟ್. ನಾನೂ ನಕ್ಕೆ. ಆದರೆ ನಗು ಪೂರ್ತಿಯಾಗುವ ಮೊದಲೇ ಬೇರೊಂದು ಯೋಚನೆ ಬಂತು.

"ನೋಡಾಕ ಬಂದಾಗ ಏನ ಮಾಡಿದ್ರಿ?"

"ನನ್ನ ನವಲಗುಂದಕ್ಕ ಕಳಿಸಿಬಿಟ್ರು, ಸೋದರತ್ತಿ ಮನಿಗೆ. ಅಷ್ಟರಾಗ ನಿಮ್ಮವ್ವ ಗುಣ ಆಗಿದ್ಲು. ತಲಿ ಬಗ್ಗಿಸಿ ಕುಂತ್ಲು, ಚಾ ಕೊಟ್ಲು, ಎದ್ದು ಹೋದ್ಲು. ಒಪ್ಪಿಗಿ ಅಂದ್ರು. ಮುಗೀತು."

ಮುಗಿಯಿತು ಎಂದು ಅವಳು ಅಂದಳು, ನನಗೆ ಮುಗಿಯಲಿಲ್ಲ. ಸಿಕ್ಕಿದ್ದು ಟ್ರಂಕಿನಲ್ಲಾದರೆ, ತಂಗಿಯ ಫೋಟೋವನ್ನು ಅಕ್ಕ ಇಟ್ಟುಕೊಂಡಿದ್ದಳು, ಅಷ್ಟೆ. ಖಾನೆಯಲ್ಲಾದರೆ, ಅಷ್ಟು ವರ್ಷ ಅದನ್ನು ಇಟ್ಟುಕೊಂಡವರು ಅಪ್ಪ. ತನ್ನ ಹೆಂಡತಿ ಎಂದುಕೊಂಡು ಇಟ್ಟುಕೊಂಡರೇ, ಅಲ್ಲ ಎಂದು ತಿಳಿದೂ ಇಟ್ಟುಕೊಂಡರೇ? ಎಲ್ಲವೂ ಆ ಖಾನೆಯ ಮೇಲೆ ನಿಂತಿದೆ, ನನಗೆ ಖಚಿತವಿಲ್ಲದ್ದೂ ಅದೇ. 'ಅಪ್ಪಾರ ಸಾಮಾನು' ಎಂಬ ಅವ್ವನ ಮಾತು ಖರೆಯಾದರೆ ಖಾನೆಯೂ ಖರೆ. ಆ ಮಾತನ್ನಾದರೂ ಅವ್ವ ಆಡಿದ್ದು ಹೌದೇ? ಚಿಗವ್ವನ ನೆನಪೂ ನೆನಪೇ ತಾನೆ. ಅವಳೇನು ಡೈರಿ ಇಟ್ಟವಳಲ್ಲ. ಇಟ್ಟಿದ್ದ ನನ್ನ ಗತಿಯೇ ಹೀಗಿದೆ.

ಅವ್ವನಾಗಲು ನಲವತ್ತು ಸಲ ಓಡಿದೆ. ಓಡಿಹೋಗಿ ನಿಂತದ್ದು ಚಿಗವ್ವನ ಜಾಗದಲ್ಲಿ, ಅವ್ವನ ಸೀರೆಯಲ್ಲಿ. ಚಿಗವ್ವನೂ ಅಂದು ಹಾಗೆಯೇ ನಿಂತಿದ್ದಳು. ಅಪ್ಪ ಒಪ್ಪಿದ್ದು ಆ ಚಿತ್ರವನ್ನೋ, ತಲೆ ಬಗ್ಗಿಸಿ ಚಹಾ ಕೊಟ್ಟವಳನ್ನೋ? ಅವ್ವ ಒಮ್ಮೆಯಾದರೂ ಆ ಖಾನೆ ತೆರೆದು ತನ್ನ ಸೀರೆಯಲ್ಲಿರುವ ತಂಗಿಯನ್ನು ನೋಡಿದ್ದಳೋ? ಸೆರಗಿನಿಂದ ಅಷ್ಟು ಮೆಲ್ಲಗೆ ಒರೆಸಿದಳಲ್ಲ.

ಮನೆಗೆ ಬಂದು 'ಅವ್ವ' ಎಂಬ ಚೀಟಿ ಕಿತ್ತೆ. 'ಚಿಗವ್ವ' ಎಂದು ಬರೆದು ಅದನ್ನೂ ಕಿತ್ತೆ. 'ನಾನು' ಎಂದು ಬರೆಯಲು ಕೈ ಬರಲಿಲ್ಲ. ಪ್ರದರ್ಶನದಲ್ಲಿ ನಡುವಿನ ಗೋಡೆಯ ಫೋಟೋದ ಕೆಳಗೆ ಖಾಲಿ ಚೀಟಿಯೇ ಇತ್ತು. ಬಹಳ ಅರ್ಥಪೂರ್ಣವಾಗಿದೆ ಎಂದು ಒಬ್ಬರು ಕೈ ಕುಲುಕಿದರು. ಚಿಗವ್ವ ಬರುತ್ತೇನೆ ಎಂದಿದ್ದಳು, ಬರಲಿಲ್ಲ.

ಅವತ್ತು ಅವಳ ಮನೆಯಿಂದ ಹೊರಡುವ ಮೊದಲು ಒಂದು ಮಾತು ಕೇಳಿದ್ದೆ. ಚಿಗವ್ವ ಫೋಟೋವನ್ನು ಮತ್ತೆ ಹಾಳೆಯಲ್ಲಿ ಸುತ್ತುತ್ತಿದ್ದಳು. ಕೇಳಿದ ಕೂಡಲೇ ಅವಳ ಕೈ ನಿಂತಿತು. ಒಳಗಿಂದ ಕಾಕಾ "ಏ, ಚಾ ಆತೇನ?" ಎಂದು ಕೂಗಿದರು. ಬಂದೆ ಎಂದು ಎದ್ದು ಹೋದಳು. ಆಮೇಲೆ ಫೋನಿನಲ್ಲಿ ಎರಡು ಸಲ ಅದನ್ನೇ ಕೇಳಿದೆ. ಎರಡು ಸಲವೂ ಊಟ ಆಯಿತೇ ಎಂದು ಕೇಳಿದಳು. ಅವತ್ತಿಗೆ ಮೂರು ವಾರವಾಯಿತು. ನಾನು ಕೇಳಿದ್ದು ಇಷ್ಟೇ:

"ಮದುವಿ ಆದಮ್ಯಾಲೆ ಅಪ್ಪಾರು ಯಾವತ್ತರ ಕೇಳಿದ್ರೇನ ಚಿಗವ್ವಾ, ಆ ಫೋಟೋದಾಗಿನಾಕಿ ಯಾರು ಅಂತ?"