ತೊಂಬತ್ತೆಂಟು ಕೆಜಿಯ ಚಕ್ರ

ಟೈಲರಮ್ಮನ ಅಂಗಡಿಯಲ್ಲಿ ಅಳತೆಗಳು ಎರಡು. ಒಂದು ಬಾಯಿಯದು, ಇನ್ನೊಂದು ಕತ್ತರಿಯದು. ಬಂದ ಹೆಂಗಸಿನ ಸೊಂಟಕ್ಕೆ ಟೇಪು ಸುತ್ತಿ ಅವಳು "ಮೂವತ್ತಾರು" ಎಂದು ಗಟ್ಟಿಯಾಗಿ ಹೇಳುತ್ತಾಳೆ. ಹೊಲಿಗೆ ಯಂತ್ರದ ಹಿಂದೆ ಕೂತ ಓರಗಿತ್ತಿ ತಲೆಯೆತ್ತದೆ ಮೂವತ್ತೆಂಟು ಎಂದು ಗುರುತು ಹಾಕಿಕೊಳ್ಳುತ್ತಾಳೆ. ಎರಡು ಇಂಚು ಸೇರಿಸಿಕೊಳ್ಳುವುದು ಅವರಿಬ್ಬರ ನಡುವಿನ ಒಪ್ಪಂದ. ಬೆಂಚಿನ ಮೇಲೆ ಕಾಯುತ್ತ ಕೂತವರ ಮುಂದೆ ಯಾರ ಸೊಂಟದ ಮಾನವನ್ನೂ ಹರಾಜಿಗಿಡಬಾರದು ಎಂದು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಇಬ್ಬರು ಸೊಸೆಯರಿಗೂ ಕಲಿಸಿಕೊಟ್ಟ ಪಾಠ ಅದು. ಗಿರಾಕಿ ಕನ್ನಡಿಯ ಮುಂದೆ ಅತ್ತಿತ್ತ ತಿರುಗಿ, "ನೋಡಿ, ಮೂವತ್ತಾರೇ ಎಷ್ಟು ಸಲೀಸಾಗಿ ಕೂತಿದೆ" ಎಂದು ಹಿಗ್ಗುತ್ತಾಳೆ. ಇದನ್ನು ಸುಳ್ಳು ಎಂದು ಕರೆದು ನೋಡಿ, ಟೈಲರಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು.

"ಬಟ್ಟೆ ಸರಿಯಾಗಿ ಕೂತ್ಕೊಳ್ತೋ ಇಲ್ವೋ? ಮತ್ತೆ ಸುಳ್ಳೆಲ್ಲಿಂದ ಬಂತು?" ಎನ್ನುತ್ತಾಳೆ.

ಬಟ್ಟೆಯ ಮಟ್ಟಿಗೆ ಅವಳ ಮಾತು ನೂರಕ್ಕೆ ನೂರು ಸರಿ. ಕೇಡು ಶುರುವಾದದ್ದು ಅದೇ ಪಾಠವನ್ನು ಅವಳು ಅಂಗಡಿಯಿಂದ ಮನೆಯೊಳಕ್ಕೆ ತಂದಾಗ.

ಅವಳ ಗಂಡನಿಗೆ ಆಫೀಸಿನವರು ಡ್ರಮ್ಮಣ್ಣ ಎಂದು ಹೆಸರಿಟ್ಟಿದ್ದರು. ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಕೌಂಟರಿನಲ್ಲಿ ಅವನ ಕೆಲಸ. ಯಾರು ರೇಗಿದರೂ ನಗುವವನು, ಯಾರು ಆಡಿಕೊಂಡರೂ ಅವರಿಗಿಂತ ಜೋರಾಗಿ ನಗುವವನು. ಒಂದು ಬೆಳಿಗ್ಗೆ ಗಾಜಿನಾಚೆ ಜನ ಸಾಲುಗಟ್ಟಿ ನಿಂತಿದ್ದಾಗಲೇ ಅವನ ಕುರ್ಚಿಯ ಕಾಲು ಮುರಿಯಿತು. ಡ್ರಮ್ಮಣ್ಣ ಕಿಂಡಿಯ ಕೆಳಗೆ ಮಾಯವಾದ. ಸಾಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನೆಲದ ಮೇಲೆ ಕೂತು ಅವನೂ ನಕ್ಕ. ಮನೆಗೆ ಬಂದ ಮೇಲೆ ಮಾತ್ರ ಅನ್ನ ಕಲಸಿದ ಕೈಯನ್ನು ಬಾಯಿಗೆ ಒಯ್ಯದೆ ಸುಮ್ಮನೆ ಕೂತುಬಿಟ್ಟ. ಮರುವಾರ ಮನೆಯ ಮುಂದೆ ಒಂದು ಸೈಕಲ್ಲೂ ಒಳಗೆ ಒಂದು ತೂಕದ ಯಂತ್ರವೂ ಬಂದು ನಿಂತವು.

ಮೊದಲ ದಿನ ತೂಕ ನೂರ ಇಪ್ಪತ್ತೊಂದು. ಅವನಿಗೆ ತನ್ನ ಹೊಟ್ಟೆ ಅಡ್ಡ ಬಂದು ಕಾಲ ಬಳಿಯ ಮುಳ್ಳು ಕಾಣುತ್ತಿರಲಿಲ್ಲ. ಹೆಂಡತಿ ಕುಕ್ಕರುಗಾಲಲ್ಲಿ ಕೂತು ಓದಿ ಹೇಳಬೇಕು. ಒಂದು ತಿಂಗಳು ಬೆಳಕು ಹರಿಯುವ ಮೊದಲೇ ಎದ್ದು, ಬೆವರಿಳಿಸಿ ತುಳಿದು, ಮತ್ತೆ ಯಂತ್ರದ ಮೇಲೆ ನಿಂತ. ಉಸಿರು ಬಿಗಿಹಿಡಿದಿದ್ದ. ಅವಳು ಬಗ್ಗಿ ನೋಡಿದಳು. ನೂರ ಇಪ್ಪತ್ತೆರಡು. ತುಳಿದಷ್ಟೂ ಹಸಿವು, ಹಸಿದಷ್ಟೂ ಊಟ, ಮತ್ತೇನಾದೀತು? ತಲೆಯೆತ್ತಿದರೆ ಮೇಲಿಂದ ಗಂಡನ ಮುಖ, ಪರೀಕ್ಷೆಯ ಫಲಿತಾಂಶ ಕೇಳಲು ಬಂದವನ ಮುಖದಂತೆ.

"ನೂರ ಹದಿನೆಂಟು ರೀ. ಮೂರು ಕೆಜಿ ಇಳಿದಿದ್ದೀರಿ!"

ಅವನ ಮುಖ ಊರಗಲವಾಯಿತು. ಆ ದಿನ ಅವನು ಆಫೀಸಿಗೆ ಹೋಗುವಾಗ ಸಿಳ್ಳೆ ಹಾಕಿದ್ದನ್ನು ಅವಳು ಮದುವೆಯಾದ ಮೇಲೆ ಮೊದಲ ಸಲ ಕೇಳಿದಳು.

ಅಲ್ಲಿಂದ ಮುಂದೆ ವಾರ ವಾರ ಅವಳ ಬಾಯಿಂದ ತೂಕ ಇಳಿಯತೊಡಗಿತು. ಬಾಯಿ ಹೇಳಿದ್ದಕ್ಕೆ ಬಟ್ಟೆಯೂ ಸಾಕ್ಷಿ ಹೇಳಬೇಕಲ್ಲ? ಅವನು ಆಫೀಸಿನಲ್ಲಿದ್ದಾಗ ಪ್ಯಾಂಟಿನ ಹೊಲಿಗೆ ಬಿಚ್ಚಿ ಸೊಂಟವನ್ನು ಬೆರಳಗಲ ಸಡಿಲಿಸುತ್ತಿದ್ದಳು. ಪ್ಯಾಂಟು ಜಾರುತ್ತದೆಂದು ಅವನು ಬೆಲ್ಟಿಗೆ ಹೊಸ ತೂತು ಕೊರೆದುಕೊಂಡು ಓರಗಿತ್ತಿಯ ಮುಂದೆಲ್ಲ ತೋರಿಸಿಕೊಂಡು ಬಂದ. ಕಣ್ಣಿದ್ದವರಿಗೆ ಅವನು ಮೊದಲಿನಷ್ಟೇ ಕಾಣುತ್ತಿದ್ದ. ಆದರೆ ಆ ಖುಷಿಯನ್ನು ಕಂಡ ಮೇಲೆ ಯಾರಿಗೂ ಬಾಯಿ ಬರುತ್ತಿರಲಿಲ್ಲ. ತೊಂಬತ್ತಕ್ಕೆ ಇಳಿದ ಮೇಲೆಯೇ ಹೋಗಿ ಡಾಕ್ಟರನ್ನು ಬೆರಗುಗೊಳಿಸುತ್ತೇನೆ ಎಂದು ಅವನು ಅತ್ತ ತಲೆಯನ್ನೂ ಹಾಕಲಿಲ್ಲ. ಸುಳ್ಳು ಹೇಳುವವಳಿಗೂ ನಿಜವಾದ ಅಳತೆ ತಲೆಯಲ್ಲಿರಬೇಕು, ಇಲ್ಲದಿದ್ದರೆ ಬಟ್ಟೆ ಕೆಡುತ್ತದೆ. ಆದ್ದರಿಂದ ಅವಳಿಗೆ ಮಾತ್ರ ಗೊತ್ತಿತ್ತು: ಬಾಯಿಯ ತೂಕ ತೊಂಬತ್ತೆಂಟಕ್ಕೆ ಬಂದ ದಿನ ಮುಳ್ಳು ನಿಂತಿದ್ದು ನೂರ ಹದಿನೆಂಟರಲ್ಲಿ.

ಅಷ್ಟರಲ್ಲಿ ಅವನಿಗೆ ಸೈಕಲ್ಲಿನವರ ಒಂದು ಗುಂಪು ಸಿಕ್ಕಿತ್ತು. ರಜೆಯ ದಿನ ಬೆಟ್ಟ ಹತ್ತಿ, ಆಚೆ ಬದಿಯ ತಿರುವುಗಳ ದಾರಿಯಲ್ಲಿ ಗಾಳಿಯ ಹಾಗೆ ಇಳಿಯುವವರು. ಅವರ ಚಕ್ರಗಳು ಹಗುರ, ಟೈರು ಬೆರಳಿನಷ್ಟು ತೆಳು. ಡ್ರಮ್ಮಣ್ಣನಿಗೆ ತನ್ನ ಹಳೆಯ ಚಕ್ರ ಗಾಡಿಯ ಗಾಲಿಯಂತೆ ಕಾಣತೊಡಗಿತು. ಒಂದು ಸಂಜೆ ಹೆಂಡತಿಯನ್ನೂ ಕರೆದುಕೊಂಡು ಚಕ್ರದವನ ಅಂಗಡಿಗೆ ಹೋದ.

ಚಕ್ರದವನು ಮಾತು ಕಮ್ಮಿಯ ಮನುಷ್ಯ. ಖಾಲಿ ರಿಮ್ಮಿಗೆ ಒಂದೊಂದೇ ಕಡ್ಡಿ ಪೋಣಿಸಿ, ತಂತಿ ವಾದ್ಯ ಶ್ರುತಿ ಮಾಡುವವನಂತೆ ಬೆರಳಲ್ಲಿ ಮೀಟಿ ಬಿಗಿ ನೋಡುತ್ತಿದ್ದ. ಗೋಡೆಯ ತುಂಬ ಚಕ್ರಗಳು ತೂಗುತ್ತಿದ್ದವು. ಡ್ರಮ್ಮಣ್ಣ ಅವುಗಳಲ್ಲಿ ಎಲ್ಲಕ್ಕಿಂತ ತೆಳ್ಳಗಿನದರ ಮುಂದೆ ನಿಂತ.

"ತೂಕ ಎಷ್ಟು ನಿಮ್ದು?" ಎಂದು ಕೇಳಿದ ಚಕ್ರದವನು.

"ತೊಂಬತ್ತೆಂಟು."

ಚಕ್ರದವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೋಡಿದ್ರೆ ಜಾಸ್ತಿ ಅನ್ಸುತ್ತೆ. ಬೇಜಾರು ಮಾಡ್ಕೋಬೇಡಿ, ಸರಿಯಾಗಿ ಹೇಳಿ. ನೂರೈದರ ಮೇಲಿದ್ರೆ ಇದನ್ನ ನಾನು ಕೈಲಿ ಮುಟ್ಟಿ ತೋರಿಸೋದೂ ಇಲ್ಲ. ಅಂಥವರಿಗೆ ಹಿಂದಿನ ಚಕ್ರಕ್ಕೆ ಮೂವತ್ತಾರು ಕಡ್ಡಿ, ಅಗಲದ ರಿಮ್ಮು, ಮೂವತ್ತೆರಡರ ದಪ್ಪ ಟೈರು. ಅಷ್ಟೇ. ಇದಕ್ಕೆ ಇರೋದು ಇಪ್ಪತ್ತನಾಲ್ಕೇ ಕಡ್ಡಿ, ಟೈರು ಇಪ್ಪತ್ತೈದು ಮಿಲಿಮೀಟರು. ಕೂತವರ ಭಾರ ಜಾಸ್ತಿ ಬೀಳೋದು ಹಿಂದಿನ ಚಕ್ರದ ಮೇಲೇ, ಇಳಿಜಾರಲ್ಲಿ ಬ್ರೇಕ್ ಹಿಡಿದ್ರೆ ಕಡ್ಡಿಗೆ ಇನ್ನೂ ಎಳೆತ."

"ನನ್ನ ಮಾತು ನಂಬಲ್ವಾ? ಇವಳನ್ನ ಕೇಳಿ. ವಾರ ವಾರ ನೋಡಿ ಹೇಳೋಳು ಇವಳೇ."

ಇಬ್ಬರೂ ಅವಳತ್ತ ತಿರುಗಿದರು. ಅಂಗಡಿಯಲ್ಲಿ ಗುಂಪಿನ ಇನ್ನಿಬ್ಬರು ಇದ್ದರು, ಅವರೂ ನೋಡಿದರು. ನಿಜ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗಂಡ ಎದೆ ಮುಂದೆ ಮಾಡಿ ನಿಂತಿದ್ದ, ಸಡಿಲ ಪ್ಯಾಂಟನ್ನು ಒಂದು ಕೈಯಲ್ಲಿ ಹೆಮ್ಮೆಯಿಂದ ಮೇಲೆಳೆದುಕೊಳ್ಳುತ್ತಿದ್ದ.

"ಹೂಂ," ಎಂದಳು. "ತೊಂಬತ್ತೆಂಟೇ."

ಚಕ್ರದವನು ತಲೆಯಾಡಿಸಿ ಆ ಚಕ್ರವನ್ನು ಕೆಳಗಿಳಿಸಿದ. ಹೇಳಿದ ಅಳತೆಗೆ ಸದ್ದಿಲ್ಲದೆ ಇಪ್ಪತ್ತು ಸೇರಿಸಿಕೊಳ್ಳಲು ಇಲ್ಲಿ ಓರಗಿತ್ತಿ ಕೂತಿರಲಿಲ್ಲ. ಆ ವಿಚಾರ ಅವಳ ತಲೆಗೆ ಬಂದದ್ದು ಮನೆಯ ಬಾಗಿಲು ತೆರೆಯುವಾಗ, ಬೀಗದ ಕೈ ಕೈಯಲ್ಲೇ ಇದ್ದಾಗ.

ಎರಡು ವಾರದಲ್ಲಿ ಮೂರು ಪಂಕ್ಚರ್. ಚಕ್ರದವನು ಟ್ಯೂಬು ಬಿಚ್ಚಿ ಬೆಳಕಿಗೆ ಹಿಡಿದು ತೋರಿಸಿದನಂತೆ: ಪಕ್ಕಪಕ್ಕದಲ್ಲಿ ಎರಡು ತೂತು. "ಇದಕ್ಕೆ ನಾವು ಹಾವು ಕಚ್ಚಿದ್ದು ಅಂತೀವಿ" ಎಂದಿದ್ದನಂತೆ. ಕೂತವರ ಭಾರಕ್ಕೆ ಟೈರು ಚಪ್ಪಟೆಯಾಗಿ ರಿಮ್ಮು ಟ್ಯೂಬನ್ನು ರಸ್ತೆಗೆ ಒತ್ತಿ ಕಚ್ಚಿದರೆ ಹಾಗಾಗುತ್ತದೆ. ತೊಂಬತ್ತೆಂಟಕ್ಕೆ ತುಂಬಬೇಕಾದ ಗಾಳಿ ತುಂಬಿದ್ದೇನೆ, ಯಾಕೆ ಹೀಗಾಗುತ್ತಿದೆಯೋ ತಿಳಿಯದು ಎಂದು ಅವನು ತಲೆ ಕೆರೆದುಕೊಂಡನಂತೆ. ಡ್ರಮ್ಮಣ್ಣ ಇದನ್ನೆಲ್ಲ ಊಟದ ಹೊತ್ತಿಗೆ ನಗುನಗುತ್ತ ಹೇಳಿ, ಆ ಟ್ಯೂಬನ್ನೇ ಹೆಂಡತಿಯ ಕೈಗೆ ಕೊಟ್ಟ. ಅವಳು ಎರಡು ತೂತುಗಳನ್ನು ಬೆರಳಲ್ಲಿ ಸವರಿದಳು.

ಆಮೇಲೆ ಕಡ್ಡಿ ಮುರಿಯತೊಡಗಿದವು. ಮೊದಲನೆಯದು ಮುರಿದದ್ದು ಮನೆಯ ಗೇಟಿನ ಮುಂದೆಯೇ, ಅವನು ಹತ್ತಿ ಕೂತು ಮೊದಲ ಸಲ ತುಳಿದಾಗ. ಟಣ್ ಎಂದಿತು. ಒಳಗೆ ಹೊಲಿಗೆ ಹಾಕುತ್ತಿದ್ದ ಅವಳ ಕೈ ಯಂತ್ರದ ಮೇಲೆ ಹಾಗೇ ನಿಂತುಹೋಯಿತು. ಅಂದಿನಿಂದ ಸೂಜಿ ಮುರಿದರೂ ಅದೇ ಸದ್ದು, ಚಮಚ ಬಿದ್ದರೂ ಅದೇ ಸದ್ದು. ಅವನು ಹೊರಟಾಗಲೆಲ್ಲ ಬೀದಿಯ ತಿರುವು ದಾಟುವವರೆಗೆ ಕಿವಿಗೊಟ್ಟು ನಿಲ್ಲುವುದು ಅವಳಿಗೆ ಅಭ್ಯಾಸವಾಯಿತು.

ಬೆಟ್ಟದ ಸವಾರಿಗೆ ದಿನ ಗೊತ್ತಾಯಿತು. ಅವಳು ಒಂದು ಮಧ್ಯಾಹ್ನ ಓರಗಿತ್ತಿಗೆ ಅಂಗಡಿ ಒಪ್ಪಿಸಿ ಒಬ್ಬಳೇ ಚಕ್ರದವನ ಬಳಿ ಹೋದಳು. ಎಲ್ಲ ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಹೋಗಿ ನೋಡಿದರೆ ಅವನು ಮಂಕಾಗಿ ಕೂತಿದ್ದಾನೆ; ಎದುರಿಗೆ ಗಂಡನದೇ ಹಿಂದಿನ ಚಕ್ರ.

"ಮೂರನೇ ಕಡ್ಡಿ ಕಣಮ್ಮ. ಇಷ್ಟು ವರ್ಷದಲ್ಲಿ ನಾನು ಕಟ್ಟಿದ ಚಕ್ರ ಹೀಗೆ ಮಾಡಿದ್ದಿಲ್ಲ. ನನ್ನ ಕೈಯೇ ಕೆಟ್ಟೋಯ್ತೇನೋ ಅನ್ಸ್ತಾ ಇದೆ."

ಆಗ ಹೇಳಬೇಕಿತ್ತು. ಕಲ್ಲು ಕೂಡ ಹೇಳುತ್ತಿತ್ತು. ಆದರೆ ಅವನು ಮಾತು ನಿಲ್ಲಿಸಲಿಲ್ಲ. "ನಿಮ್ಮ ಯಜಮಾನರು ಮಾತ್ರ ಗಟ್ಟಿಗರು. ಹೊಸದಾಗಿ ಬರೋ ದಪ್ಪಗಿರೋರಿಗೆಲ್ಲ ನಾನು ಅವರ ಉದಾಹರಣೆ ಕೊಡ್ತೀನಿ. ಇಪ್ಪತ್ಮೂರು ಕೆಜಿ ಅಂದ್ರೆ ಸುಮ್ನೇನಾ?" ಎಂದ. ಅವಳು ಜೋಡಿಸಿಕೊಂಡು ಬಂದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. ಈ ಮನುಷ್ಯನಿಗೆ ಹೇಳಿದರೆ ನಾಳೆ ಇಡೀ ಗುಂಪಿಗೆ ಗೊತ್ತಾಗುತ್ತದೆ, ನಾಡಿದ್ದು ಆಫೀಸಿಗೆ. ಮತ್ತೆ ಗಂಡ ಕಿಂಡಿಯ ಕೆಳಗೆ ಮಾಯವಾಗುತ್ತಾನೆ. ಅವಳು ತನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈ ಹಾಕಿದಳು.

"ಸ್ವಲ್ಪ ದಪ್ಪ ಟೈರು ಹಾಕಿಬಿಡಿ. ನಾನು ಹೇಳಿದ್ದು ಅಂತ ಅವರಿಗೆ ಹೇಳ್ಬೇಡಿ. ಕೂರೋಕೆ ಹಿತವಾಗಿರುತ್ತೆ ಅನ್ನಿ."

"ಈ ರಿಮ್ಮಿಗೆ ಇಪ್ಪತ್ತೆಂಟರದ್ದು ಹಿಡಿಯುತ್ತೆ. ಅದಕ್ಕಿಂತ ದಪ್ಪ ಆಗಲ್ಲ. ಪಂಕ್ಚರ್ ಕಮ್ಮಿಯಾಗುತ್ತೆ. ಕಡ್ಡಿಗೇನೂ ಅದರಿಂದ ಸಹಾಯ ಇಲ್ಲ."

"ಅಷ್ಟಾದ್ರೂ ಮಾಡಿ," ಎಂದಳು.

ಮೂರು ಮಿಲಿಮೀಟರು ಸಡಿಲಿಸಿದ ಸಮಾಧಾನಕ್ಕೆ ಅವಳು ಮನೆಗೆ ಬಂದು ಚೆನ್ನಾಗಿ ನಿದ್ದೆ ಹೊಡೆದಳು ಎಂದರೆ ನಂಬುತ್ತೀರಾ? ಹೊಡೆದಳು. ಮನುಷ್ಯರು ಹಾಗೇ. ಹೊಸ ಟೈರು ಹಾಕಿದ ಮೇಲೆ ಪಂಕ್ಚರೂ ಆಗಲಿಲ್ಲ, ಕಡ್ಡಿಯೂ ಮುರಿಯಲಿಲ್ಲ. ಅವಳು ಓರಗಿತ್ತಿಯ ಜೊತೆ ಮತ್ತೆ ನಗತೊಡಗಿದಳು. ಆದರೆ ದಪ್ಪ ಟೈರಿನಿಂದ ಕಮ್ಮಿಯಾದದ್ದು ರಸ್ತೆಯ ಕುಲುಕಾಟ ಮಾತ್ರ. ಒಳಗೆ ಉಳಿದ ಕಡ್ಡಿಗಳು ಅವನು ಕೂತಾಗಲೆಲ್ಲ ಇಪ್ಪತ್ತು ಕೆಜಿ ಹೆಚ್ಚಿಗೆ ಹೊತ್ತು ಬುಡದಲ್ಲಿ ದಣಿಯುತ್ತಲೇ ಇದ್ದವು.

ಸವಾರಿಯ ಬೆಳಿಗ್ಗೆ ಅವನು ತೂಕ ನೋಡಿಕೊಂಡೇ ಹೊರಟ. "ತೊಂಬತ್ತಾರು" ಎಂದಳು. ಗೇಟಿನ ತನಕ ಬಂದು, "ರೀ, ಇಳಿಯೋವಾಗ ನಡ್ಕೊಂಡೇ ಇಳಿದುಬಿಡಿ" ಎಂದಳು.

"ಹುಚ್ಚೀ, ಇಳಿಯೋದಕ್ಕೇ ಕಣೇ ಹತ್ತೋದು!" ಎಂದು ಅವಳ ಕೆನ್ನೆ ಹಿಂಡಿ ಹೊರಟುಹೋದ.

ಅಂದು ಅವಳು ಒಂದು ರವಿಕೆಯ ಕುತ್ತಿಗೆಯನ್ನು ಎರಡು ಸಲ ತಪ್ಪು ಕತ್ತರಿಸಿದಳು. ಓರಗಿತ್ತಿ ಏನಾಯಿತೆಂದು ಕೇಳಿದ್ದಕ್ಕೆ ಸಿಡುಕಿದಳು. ಫೋನು ಮೇಜಿನ ಮೇಲೆ ಚಿಂದಿ ಬಟ್ಟೆಗಳ ನಡುವೆ ಸುಮ್ಮನಿತ್ತು. ಅದು ಬಡಿದುಕೊಂಡಾಗ ಮಾತಾಡಿದವನು ಚಕ್ರದವನು. ಅವನ ದನಿ ಕೇಳಿದ ಕೂಡಲೇ ಅವಳು ಚಪ್ಪಲಿ ಹುಡುಕತೊಡಗಿದಳು.

ಬೆಟ್ಟದ ಆಚೆ ಬದಿಯ ಇಳಿಜಾರಿನಲ್ಲಿ ಎರಡನೇ ತಿರುವು. ಬ್ರೇಕ್ ಹಿಡಿದ ಹೊತ್ತಿಗೆ ಕಡ್ಡಿಗಳು ಪಟಪಟನೆ ಕಿತ್ತುಹೋದವಂತೆ. ಚಕ್ರ ಹಪ್ಪಳದಂತೆ ಸೊಟ್ಟಗಾಗಿ ಸಿಕ್ಕಿಕೊಂಡು, ಅವನು ತಡೆಗೋಡೆಗೆ ಬಡಿದಿದ್ದ. ಜೀವಕ್ಕೆ ಅಪಾಯವಿಲ್ಲ ಎನ್ನುತ್ತಿದ್ದರು, ಆದರೆ ಯಾರೂ ಗಟ್ಟಿಯಾಗಿ ಎನ್ನುತ್ತಿರಲಿಲ್ಲ. ತೊಡೆಯ ಮೂಳೆ ಎರಡು ತುಂಡು, ಭುಜ ಜಜ್ಜಿಹೋಗಿತ್ತು. ತಕ್ಷಣ ಆಪರೇಷನ್ ಆಗಬೇಕಿತ್ತು.

ಅವಳು ಆಸ್ಪತ್ರೆ ತಲುಪಿದಾಗ ಅವನನ್ನು ತಳ್ಳುಮಂಚದ ಮೇಲೆ ಮಲಗಿಸಿದ್ದರು. ಬಾಗಿಲ ಬಳಿ ಚಕ್ರದವನು ನಿಂತಿದ್ದ. ಅವಳನ್ನು ಕಂಡವನೇ ಕೈ ಮುಗಿದು, "ನನ್ನ ತಪ್ಪಮ್ಮ. ನನ್ನ ಕೈಯಿಂದ್ಲೇ ಆಗಿದ್ದು. ಇನ್ನು ಮೇಲೆ ಚಕ್ರ ಕಟ್ಟೋ ಕೆಲಸವೇ ಬೇಡ ನನಗೆ" ಎಂದು ಅತ್ತ. ಅವಳು ಬಾಯಿ ತೆರೆಯುವಷ್ಟರಲ್ಲಿ ನರ್ಸು ಬಂದಳು.

"ಮತ್ತಿನ ಔಷಧಿ ಲೆಕ್ಕ ಹಾಕ್ಬೇಕು. ಇವರ ತೂಕ ಎಷ್ಟು?"

ಡ್ರಮ್ಮಣ್ಣ ಕಣ್ಣು ತೆರೆದ. ಅಷ್ಟು ನೋವಿನಲ್ಲೂ ಅವನ ತುಟಿ ಕೊಂಚ ಅಗಲವಾಯಿತು. "ತೊಂಬತ್ತಾರು ಸಿಸ್ಟರ್. ಇವತ್ತು ಬೆಳಿಗ್ಗೆ ತಾನೇ ನೋಡಿದ್ದು."

ನರ್ಸು ಬರೆದುಕೊಳ್ಳಲು ಪೆನ್ನು ಎತ್ತಿದಳು.

"ಅದಲ್ಲ," ಎಂದಳು ಟೈಲರಮ್ಮ. ದನಿ ತನ್ನದೇ ಎಂದು ಅವಳಿಗೆ ಅನಿಸಲಿಲ್ಲ. "ನೂರ ಹದಿನೆಂಟು."

"ಯಾವುದಮ್ಮಾ ಸರಿ? ಸುಮ್ನೆ ಏನೋ ಹೇಳ್ಬೇಡಿ. ಹೆಚ್ಚು ಕಮ್ಮಿಯಾದ್ರೆ ಕಷ್ಟ ಅವರಿಗೇ."

"ನಾನು ಈಗ ಹೇಳಿದ್ದು ಸರಿ. ಅವರಿಗೆ ಗೊತ್ತಿಲ್ಲ. ಮೊದಲಿಂದಾನೂ ನಾನೇ ಕಮ್ಮಿ ಮಾಡಿ ಹೇಳ್ತಾ ಇದ್ದೆ."

ಚಕ್ರದವನ ಅಳು ನಿಂತಿತು. ಅವನು ಅವಳನ್ನೊಮ್ಮೆ ನೋಡಿ ಹೊರಗೆ ಹೋದ. ಗಂಡ ಮಾತ್ರ ಮೇಲಿನ ದೀಪವನ್ನೇ ನೋಡುತ್ತಿದ್ದ. ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

"ಹಾಗಾದ್ರೆ ನಾನು ಇಳಿದೇ ಇಲ್ವಾ?" ಎಂದು ಕೇಳಿದ, ಬಹಳ ಮೆಲ್ಲಗೆ.

"ಇಳಿದಿದ್ದೀರಿ ರೀ!" ಅವಳು ಅವನ ಕೈ ಹಿಡಿದುಕೊಂಡಳು. ಇದೊಂದು ನಿಜ ಇತ್ತು, ಪುಣ್ಯಕ್ಕೆ ಇದೊಂದಾದರೂ ಇತ್ತು. "ಮೂರು ಕೆಜಿ ಇಳಿದಿದ್ದೀರಿ. ಮೊದಲ ದಿನ ನೂರ ಇಪ್ಪತ್ತೊಂದಿದ್ರಿ. ನನ್ನಾಣೆ, ಮೂರು ಕೆಜಿ ನಿಜವಾಗ್ಲೂ ಇಳಿದಿದ್ದೀರಿ."

ಅವನು ಕೈ ಬಿಡಿಸಿಕೊಳ್ಳಲಿಲ್ಲ. ನರ್ಸಿನತ್ತ ಕತ್ತು ತಿರುಗಿಸಿದ.

"ಸಿಸ್ಟರ್," ಎಂದ, "ಇವಳು ಹೇಳಿದ್ದು ಬರ್ಕೋಬೇಡಿ. ನೀವೇ ಒಂದ್ಸಲ ತೂಕ ಹಾಕಿ ನೋಡಿ."