ಎರಡು ವೈರು, ಒಂದು ಬೀಗ

ಅತಿಥಿ ಉಪನ್ಯಾಸಕಿಯಾದ ನಾನು ಸಿಂಧನೂರಿನಿಂದ ಲಿಂಗಸುಗೂರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ದಾರಿಯಲ್ಲಿ, ಮಸ್ಕಿಯ ಹತ್ತಿರದ ಒಂದು ನಿಲುಗಡೆಯಲ್ಲಿ ಹೆಂಗಸರ ಶೌಚಾಲಯವಿದೆ. ಕಟ್ಟಿದಾಗಿನಿಂದ ಅದಕ್ಕೆ ಬೀಗ. ಆ ದಾರಿಯಲ್ಲಿ ಓಡಾಡುವ ಹೆಂಗಸರು ಮನೆ ಬಿಡುವ ಮುಂಚೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನಾನೂ ಬಿಟ್ಟಿದ್ದೆ. ಒಂದು ದಿನ ತಡೆಯಲಾಗದೆ ಕಂಡಕ್ಟರನ ಮೇಲೆ ರೇಗಿದೆ.

“ಕೀಲಿ ನನ್ನ ಕಿಸೇದಾಗ ಐತೇನ್ರೀ ಅಕ್ಕಾರ? ಅರ್ಜಿ ಹಾಕ್ರಿ,” ಎಂದ.

ವಿಶ್ವವಿದ್ಯಾಲಯದಲ್ಲಿ ಆಡಳಿತದ ಉತ್ತರದಾಯಿತ್ವ ಕುರಿತು ಪ್ರಬಂಧ ಬರೆದವಳಿಗೆ ಇದಕ್ಕಿಂತ ದೊಡ್ಡ ಆಹ್ವಾನ ಬೇಕಿರಲಿಲ್ಲ. ಮಾಹಿತಿ ಹಕ್ಕಿನಡಿ ಕೇಳಿದೆ: ಕೀಲಿ ಯಾರ ಬಳಿ ಇದೆ? ಸಂಬಂಧಪಟ್ಟ ಕಚೇರಿ ಉತ್ತರಿಸಲಿಲ್ಲ. ಮಾಹಿತಿ ಆಯೋಗದವರೆಗೂ ಮೇಲ್ಮನವಿ ಸಲ್ಲಿಸಿದೆ. ವಿಚಾರಣೆ ವಿಡಿಯೊದಲ್ಲಿ ಎಂದರು. ಅಂದು “ಮಾನ್ಯರೇ” ಎನ್ನುತ್ತಿದ್ದಂತೆ ನಮ್ಮ ಮನೆಯ ಇಂಟರ್ನೆಟ್ ನಿಂತುಹೋಯಿತು. ಪರದೆಯ ಮೇಲೆ, ಬಾಯಿ ತೆರೆದು ಕಣ್ಣು ಅರೆಮುಚ್ಚಿದ ನನ್ನ ಚಿತ್ರ ಹಾಗೇ ಉಳಿಯಿತು. ಆಡಳಿತವನ್ನು ನಡುಗಿಸಬೇಕಾದ ಮುಖ ಆಕಳಿಸುತ್ತಿರುವಂತೆ ಕಾಣುತ್ತಿತ್ತು. ಮುಂದಿನ ಸಲವೂ ಸಿಗದಿದ್ದರೆ ಪ್ರಕರಣವನ್ನು ಮುಕ್ತಾಯಗೊಳಿಸಲಾಗುವುದು ಎಂಬ ಸೂಚನೆ ಬಂತು.

ಮುಕ್ತಾಯವೆಂದರೆ ಬೀಗ ಅಲ್ಲೇ ಇರುತ್ತದೆ. ಹಾಗಾಗಿ ನಾನು ಎರಡನೆಯ ಕಂಪನಿಯಿಂದ ಇನ್ನೊಂದು ಸಂಪರ್ಕ ಪಡೆದೆ. ಎರಡನ್ನೂ ಒಟ್ಟಿಗೆ ಹಿಡಿದು, ಒಂದು ನಿಂತರೆ ಇನ್ನೊಂದಕ್ಕೆ ಕೆಲಸ ದಾಟಿಸುವ ರೂಟರ್ ತರಿಸಿದೆ. ಅದರ ಬಗ್ಗೆ ಎಷ್ಟು ಓದಿದೆನೆಂದರೆ, ಪರೀಕ್ಷೆಗೂ ಅಷ್ಟು ಓದಿದವಳಲ್ಲ.

“ಒಂದು ಬೀಗ ತೆಗಿಯಾಕ ಮನೀ ತುಂಬ ವೈರ್ ಎಳಿಸ್ಯಾಳ,” ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು.

ಓಣಿಯ ಮೇಲೆ ಎರಡು ವೈರುಗಳು ಎರಡು ತೆರನಾಗಿ ಜೋತಾಡುತ್ತಿದ್ದುದು ನನ್ನ ಶಿಸ್ತಿಗೆ ಒಗ್ಗಲಿಲ್ಲ. ಎರಡನ್ನೂ ಸೇರಿಸಿ ಬಿಗಿಯಾಗಿ ಕಟ್ಟು ಎಂದು ಕೇಬಲ್ ಹುಡುಗನಿಗೆ ಹೇಳಿದೆ.

“ಬ್ಯಾಡ್ರೀ ಅಕ್ಕಾರ,” ಎಂದ ಅವನು. “ಸುಗ್ಗಿ ಬಂತು, ನೆಲ್ಲು ಕೊಯ್ಯೋ ಮಷಿನ್ ಅಡ್ಡಾಡ್ತಾವ.”

“ಹೇಳಿದಷ್ಟು ಮಾಡಪಾ.”

ಮಾಡಿದ. ಎರಡು ಲೈನು ಇರುವವಳಿಗೆ ಮೊಬೈಲಿನ ಡೇಟಾ ಏಕೆಂದು ಅದರ ರೀಚಾರ್ಜನ್ನೂ ನಿಲ್ಲಿಸಿದೆ.

ವಿಚಾರಣೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಹಲವು ಪುಟಗಳ ವಾದ ಹಿಡಿದು, ರೂಟರಿನ ಎರಡೂ ಹಸಿರು ದೀಪಗಳನ್ನು ಕಣ್ತುಂಬಿಕೊಂಡು ಕುಳಿತೆ. ಹೊರಗೆ ಗಡಗಡ ಸದ್ದು. ದೀಪಗಳೆರಡೂ ಒಂದೇ ಸಲ ಕೆಂಪಾದವು.

ಓಣಿಗೆ ಓಡಿದೆ. ಮುಕ್ಕುಂದದ ಗದ್ದೆಗಳಿಗೆ ಹೊರಟಿದ್ದ ಕಟಾವಿನ ಯಂತ್ರ ಅಡ್ಡ ನಿಂತಿತ್ತು. ನನ್ನ ಎರಡೂ ವೈರು ಅದರ ಹೊಗೆ ಕೊಳವೆಗೆ ಸುತ್ತಿಕೊಂಡಿದ್ದವು. ಇಂಥ ಯಂತ್ರ ಊರು ದಾಟುವಾಗ ಉದ್ದನೆಯ ಬಿದಿರು ಗಳದಿಂದ ವೈರುಗಳನ್ನು ಎತ್ತಿ ಹಿಡಿಯುತ್ತ ಒಬ್ಬ ಮುಂದೆ ನಡೆಯುತ್ತಾನೆ. ಅವನೇ ಸಿಕ್ಕ.

“ಇದಕ್ಕೆ ಯಾರು ಜವಾಬ್ದಾರರು?” ಎಂದು ಗರ್ಜಿಸಿದೆ.

“ಅದನ್ನ ನಾ ಕೇಳಾಕತ್ತೀನ್ರೀ ಅಕ್ಕಾರ,” ಎಂದ. “ಒಂದೊಂದ ಇದ್ರ ಗಳಕ್ಕ ಸಿಗತಿದ್ವು. ಹಿಂಗ ಜಡಿ ಹೆಣೆದಂಗ ಕಟ್ಟಿದ್ರ ಜಾರಿ ಬೀಳ್ತಾವ. ಯಾವ ಶಾಣ್ಯಾ ಕಟ್ಟಿಸಿದ್ದು?”

ಅವ್ವ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ಇಡೀ ಓಣಿ ನೋಡಿತು. ಉತ್ತರದಾಯಿತ್ವದ ಪ್ರಬಂಧ ಬರೆದವಳು ಸಂಬಂಧಪಟ್ಟ ಕಚೇರಿಯಂತೆಯೇ ಮೌನ ವಹಿಸಿದಳು.

ಆಗ ನನ್ನ ಫೋನು ಬಡಿದುಕೊಂಡಿತು. ವಿಡಿಯೊದಲ್ಲಿ ಕಾಣದ ಅರ್ಜಿದಾರರಿಗೆ ಆಯೋಗದವರೇ ಕರೆ ಮಾಡಿದ್ದರು. “ಮಾತನಾಡಿ, ಬೇಗ.”

ವಾದದ ಪುಟಗಳು ಒಳಗಿದ್ದವು. “ಮಷಿನ್ ಬಂದ್ ಮಾಡಪಾ!” ಎಂದು ಕಿರುಚಿದೆ. ಅದನ್ನೂ ಅಲ್ಲಿ ಕೇಳಿಸಿಕೊಂಡಿರಬೇಕು. ಯಂತ್ರ ಸುಮ್ಮನಾಯಿತು. ಸಂವಿಧಾನದಿಂದ ಆರಂಭವಾಗಬೇಕಿದ್ದ ನನ್ನ ಭಾಷಣದಿಂದ ಬಾಯಿಗೆ ಬಂದದ್ದು ಇಷ್ಟೇ: “ಆ ಬೀಗದ ಕೀಲಿ ಯಾರ ಹತ್ರ ಐತ್ರೀ?”

ಆಚೆ ಆಯುಕ್ತರು ಅದೇ ಪ್ರಶ್ನೆಯನ್ನು ಸಂಬಂಧಪಟ್ಟ ಕಚೇರಿಯ ಅಧಿಕಾರಿಗೆ ಕೇಳಿದ್ದು ಕೇಳಿಸಿತು. ಅಧಿಕಾರಿ ನಿರ್ವಹಣೆ, ಹಸ್ತಾಂತರ ಎಂದೆಲ್ಲ ತಡವರಿಸಿದರು. ಮತ್ತೆ ಕೇಳಿದಾಗ, ಕೀಲಿ ತಮ್ಮ ಕಚೇರಿಯಲ್ಲೇ ಇದೆ ಎಂದರು. ತೆರೆದು, ವರದಿ ಕೊಡಿ ಎಂಬ ಆದೇಶ ಬಿತ್ತು. ಗಳದವನು “ಆತೇನ್ರೀ? ಚಾಲೂ ಮಾಡ್ಲ್ಯಾ?” ಎಂದ.

ಕೆಲವು ದಿನಗಳ ನಂತರ ಲಿಂಗಸುಗೂರಿಗೆ ಹೋಗುವಾಗ ನೋಡುತ್ತೇನೆ, ಬೀಗವಿಲ್ಲ. ಹೆಂಗಸರು ಸಾಲುಗಟ್ಟಿದ್ದರು. ಮನೆಯಲ್ಲಿ ಧೈರ್ಯವಾಗಿ ಎರಡು ಲೋಟ ನೀರು ಕುಡಿದು ಬಂದಿದ್ದ ನಾನು, ವಿಜಯೋತ್ಸವದ ಗಾಂಭೀರ್ಯದಿಂದ ನಿಧಾನವಾಗಿ ಇಳಿದದ್ದರಿಂದ, ಸಾಲಿನ ಕೊನೆಯಲ್ಲಿ ನಿಲ್ಲಬೇಕಾಯಿತು. ಬಸ್ಸು ಹಾರ್ನ್ ಹಾಕತೊಡಗಿತು. ಅಂಗಲಾಚುವ ಮುಖದಿಂದ ತಿರುಗಿ ನೋಡಿದೆ.

ಕಂಡಕ್ಟರ್ ಡ್ರೈವರನಿಗೆ ಕೈ ಅಡ್ಡ ಹಿಡಿದು ಕೂಗಿದ: “ತಡಿಯೋ ಮಾರಾಯಾ, ಅರ್ಜಿ ಹಾಕಿದಾಕಿ ಇನ್ನೂ ಹೊರಗ ಅದಾಳ!”